ಚೀಟಿ ಇಲ್ಲದೆ ಒಂದು ಗೆಜ್ಜೆಯೂ ಹೊರಗೆ ಹೋಗಬಾರದು

ಪುಟ್ಟಿ, ನಿನ್ನ ಮೆಸೇಜನ್ನು ಮೊಮ್ಮಗ ಈಗ ಓದಿ ಹೇಳಿದ. ಟೈಪ್ ಮಾಡುವ ಮಾತಲ್ಲ ಇದು, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆದರೂ ಕೊನೆತನಕ ಕೇಳು. ಗ್ರೂಪಿನಲ್ಲಿರುವ ಉಳಿದವರೂ ಕೇಳಿ.

"ಅತ್ತೆ, ಉತ್ಸವದ ವಸ್ತು ಪ್ರದರ್ಶನಕ್ಕೆ ಅಂತ ಇಬ್ಬರು ಬಂದಿದ್ದರು. ಅಜ್ಜನ ದೊಡ್ಡಾಟದ ಕಿರೀಟ, ಎದೆಗಟ್ಟು, ಗೆಜ್ಜೆ, ಆಟದ ಪುಸ್ತಕ ಎಲ್ಲ ಕೇಳುತ್ತಿದ್ದಾರೆ. ಶುಕ್ರವಾರ ಕಾರು ಕಳಿಸುತ್ತಾರಂತೆ. ಕೊಡಬೇಕೋ ಬೇಡವೋ, ಭಯ ಆಗುತ್ತಿದೆ" ಅಂತ ಕೇಳಿದ್ದೀಯ. ಭಯ ಆಗಿದ್ದು ಒಳ್ಳೆಯದೇ ಆಯಿತು. ನನಗೆ ಅವತ್ತು ಭಯ ಆಗಲಿಲ್ಲ. ಆಗಿದ್ದರೆ ನಮ್ಮೂರಿನ ಎರಡನೇ ರಾತ್ರಿಯ ಆಟ ಇವತ್ತಿಗೂ ಇರುತ್ತಿತ್ತು.

ನಮ್ಮ ದೊಡ್ಡಾಟದಲ್ಲಿ, ಅದೇ ರಾತ್ರಿಯಿಡೀ ಆಡುವ ಬಯಲಾಟದಲ್ಲಿ, ಅಪ್ಪ ಕುಮಾರರಾಮನ ಪಾತ್ರ ಹಾಕುತ್ತಿದ್ದರು, ದೊಡ್ಡ ಕಾಕಾ ಪಾತ್ರಗಳನ್ನು ಮಾತಾಡಿಸುವ ಸಾರಥಿ, ಕಲಿಸುವವರು ಮೂಲೆಮನೆ ಮಾಸ್ತರರು. ಇದು ನಿಮಗೆಲ್ಲ ಗೊತ್ತು. ಸುಗ್ಗಿ ಮುಗಿದ ಮೇಲೆ ಎರಡು ತಿಂಗಳು ತಾಲೀಮು. ಆಮೇಲೆ ಹನುಮಪ್ಪನ ಗುಡಿ ಮುಂದೆ ಅಟ್ಟ ಹಾಕಿ ಎರಡು ರಾತ್ರಿ ಆಟ. ನಾವು ಹೆಣ್ಣುಮಕ್ಕಳು ಅಟ್ಟ ಹತ್ತುವ ಹಾಗಿರಲಿಲ್ಲ. ಆದರೆ ವೇಷದ ಸಾಮಾನಿನ ಆ ಟ್ರಂಕು ನನ್ನ ಕೈಯಲ್ಲೇ ಬೆಳೆದದ್ದು. ಕಿತ್ತುಹೋದ ಬೇಗಡೆ ಅಂಟಿಸುವುದು, ಗೆಜ್ಜೆಯ ಪಟ್ಟಿ ಹೊಲಿಯುವುದು, ಕನ್ನಡಿ ಚೂರು ಕೂರಿಸುವುದು ಎಲ್ಲ ನನ್ನ ಕೆಲಸ. ಒಂದು ಸಲ ಎಡಗಡೆಯ ಭುಜಕೀರ್ತಿಯಲ್ಲಿ ಒಂದು ಕನ್ನಡಿ ಒಡೆದಿತ್ತು. ಆಟ ಆವತ್ತೇ ರಾತ್ರಿ. ಸಂತೆ ಇನ್ನೂ ಮೂರು ದಿನ. ನನ್ನ ಹಸಿರು ಗಾಜಿನ ಬಳೆ ಒಡೆದು, ಅದರ ಚೂರನ್ನು ಹುಣಸೆ ಬೀಜದ ಅಂಟಿನಲ್ಲಿ ಕೂರಿಸಿದೆ. ಅಪ್ಪ ನೋಡಿ, "ಇರಲಿ ಬಿಡು, ರಾಮನಿಗೆ ದೃಷ್ಟಿಯಾಗಲ್ಲ" ಅಂದರು. ಆ ಹಸಿರು ಚೂರು ನೆನಪಿಟ್ಟುಕೋ, ಮುಂದೆ ಬರುತ್ತದೆ.

ಅದು 1991. ಕೊಪ್ಪಳ ಆಗ ಇನ್ನೂ ರಾಯಚೂರು ಜಿಲ್ಲೆಯಲ್ಲೇ ಇತ್ತು. ನಮಗೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅಪ್ಪ ಹೋಗಿ ಒಂದು ವರ್ಷ ಆಗಿತ್ತು. ಗವಿಮಠದ ಜಾತ್ರೆ ಮುಗಿದ ವಾರ ಒಬ್ಬ ಬಂದ. ಬಿಳಿ ಅಂಗಿ, ಹೆಗಲಿಗೆ ಕ್ಯಾಮೆರಾ ಚೀಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸೀದಾ ಹೋಗಿ ಅಪ್ಪನ ಫೋಟೋಗೆ ಕೈ ಮುಗಿದ. ಅಷ್ಟೇ ಸಾಕಾಯಿತು ಅಮ್ಮನಿಗೆ. ಮಂಡಕ್ಕಿ ಒಗ್ಗರಣೆ ಮಾಡಿದಳು, ಮೆಣಸಿನಕಾಯಿ ಬಜ್ಜಿ ಕರಿದಳು. ಅವನು ತಿನ್ನುತ್ತಾ, ಪಟ್ಟಣದಲ್ಲಿ ದೊಡ್ಡ ಪ್ರದರ್ಶನ ಇದೆ, ನಿಮ್ಮ ಯಜಮಾನರ ಹೆಸರು ದೊಡ್ಡ ಅಕ್ಷರದಲ್ಲಿ ಬರೆಸುತ್ತೇವೆ ಅಂದ. "ಹದಿನೈದೇ ದಿನ, ಅಕ್ಕಾ" ಅಂತ ನನಗೆ ಹೇಳಿದ.

ಒಂದು ಕಿರೀಟ, ಜೋಡಿ ಭುಜಕೀರ್ತಿ, ಎರಡನೇ ರಾತ್ರಿಯ ಪುಸ್ತಕ. ಇಷ್ಟು ತೆಗೆದುಕೊಂಡು ಹೋದ. ಹಾಸಿಗೆ ಚಾದರ ಹಾಸಿ, ಒಂದೊಂದನ್ನೂ ಹಳೆ ಪಂಚೆಯಲ್ಲಿ ಸುತ್ತಿ, ಗಂಟು ಕಟ್ಟಿ ಕೊಟ್ಟವಳು ನಾನೇ. ಒಂದು ಚೀಟಿ ಬರೆಸಿಕೊಳ್ಳಲಿಲ್ಲ. ಹೆಸರು ಕೇಳಿದ್ದೆ, ಊರು ಕೇಳಿದ್ದೆ. ಎರಡೂ ಸುಳ್ಳು ಅಂತ ಆಮೇಲೆ ಗೊತ್ತಾಯಿತು.

ಹದಿನೈದು ದಿನ ಆಯಿತು, ಎರಡು ತಿಂಗಳಾಯಿತು. ನಾನು, ದೊಡ್ಡ ಕಾಕಾ ಬಸ್ಸು ಹತ್ತಿದೆವು. ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಅವನು ಹೇಳಿದ್ದ ಕಚೇರಿ ಹುಡುಕಿಕೊಂಡು ಹೋದೆವು. ಅಲ್ಲಿದ್ದವರು ರಿಜಿಸ್ಟರ್ ತೆಗೆದು ನಮ್ಮ ಮುಂದೆಯೇ ಬೆರಳಿಟ್ಟು ತೋರಿಸಿದರು. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ, ನಿಮ್ಮ ಊರಿನ ಸಾಮಾನೂ ಬಂದಿಲ್ಲ ಅಂದರು. ವಾಪಸ್ ಬರುವಾಗ ಕಾಕಾ ಒಂದು ಮಾತೂ ಆಡಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ ಪುಟ್ಟಿ. ಬಂದವರು ಎಷ್ಟೇ ಒಳ್ಳೆಯವರಾಗಿ ಕಾಣಲಿ, ಚೀಟಿ ಇಲ್ಲದೆ ಒಂದು ಗೆಜ್ಜೆಯೂ ಹೊರಗೆ ಹೋಗಬಾರದು.

ಕಿರೀಟ, ಭುಜಕೀರ್ತಿ ಹೋದರೆ ಮತ್ತೆ ಮಾಡಿಸಬಹುದು. ಕಿನ್ನಾಳ ಇಲ್ಲೇ ಪಕ್ಕದಲ್ಲಿದೆ, ಚಿತ್ರಗಾರರ ಮನೆಗಳಿವೆ. ಹಗುರ ಕಟ್ಟಿಗೆ ಕೆತ್ತಿ ಬಣ್ಣ ಹಾಕುವ ಕೈಗಳು ಇನ್ನೂ ಉಳಿದಿವೆ. ಹೋಗಿದ್ದು ಪುಸ್ತಕ. ಕುಮಾರರಾಮ ನಮ್ಮ ಸೀಮೆಯವನೇ ಅಲ್ವಾ, ಅವನ ಕುಮ್ಮಟದುರ್ಗ ನಮ್ಮ ಜಿಲ್ಲೆಯಲ್ಲೇ ಇದೆ. ಮೊದಲನೇ ರಾತ್ರಿ ಅವನ ಪರಾಕ್ರಮ, ಕುದುರೆ, ಚೆಂಡಾಟ. ಎರಡನೇ ರಾತ್ರಿಯೇ ನಿಜವಾದ ಕಥೆ. ಚಿಕ್ಕತಾಯಿ ರತ್ನಾಜಿ ಅವನ ಮೇಲೆ ಆಸೆಪಡುತ್ತಾಳೆ, ಅವನು ಒಪ್ಪುವುದಿಲ್ಲ, ಅವಳು ಕಂಪಿಲರಾಯನಿಗೆ ಸುಳ್ಳು ಹೇಳುತ್ತಾಳೆ. ಮಗನ ತಲೆ ತಂದು ಕೊಡು ಅಂತ ತಂದೆ ಅಪ್ಪಣೆ ಕೊಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು ಬೇರೆ ತಲೆ ತೋರಿಸುತ್ತಾನೆ. ದೊಡ್ಡವಳಾದ ಮೇಲೂ ಆ ಪದ ಹಾಡುವುದನ್ನು ಕೇಳಿದರೆ ನನಗೆ ಗಂಟಲು ಕಟ್ಟುತ್ತಿತ್ತು.

ಪುಸ್ತಕ ಹೋದ ಮೇಲೆ ಮಾಸ್ತರರನ್ನು ನಮ್ಮ ಕಟ್ಟೆ ಮೇಲೆ ಕೂರಿಸಿ, ನೆನಪಿದ್ದಷ್ಟು ಹೇಳಿ ಅಂತ ನಾನು ಬರೆದುಕೊಂಡೆ. ರತ್ನಾಜಿಯ ಪದ ಬಂದವು. ಬೈಚಪ್ಪನ ಪದಕ್ಕೆ ಬಂದಾಗ ತೊಡೆ ಮೇಲೆ ತಾಳ ಹಾಕಿದರು, ಒಂದು ಸಾಲು ಹಾಡಿದರು, ನಿಂತುಬಿಟ್ಟರು. ಮತ್ತೆ ಅದೇ ಸಾಲು, ಮತ್ತೆ ಅಲ್ಲಿಗೇ ನಿಂತರು. ಆಮೇಲೆ ಕಣ್ಣು ಒರೆಸಿಕೊಂಡು ಎದ್ದು ಹೋದರು. ಮುಂದಿನ ವರ್ಷ ಅವರೂ ಹೋದರು. ಅಂದಿನಿಂದ ನಮ್ಮೂರಲ್ಲಿ ಒಂದೇ ರಾತ್ರಿಯ ಆಟ. ಚೆಂಡು ರತ್ನಾಜಿಯ ಅರಮನೆಯಲ್ಲಿ ಬೀಳುತ್ತದೆ, ಮಂಗಳ ಹಾಡುತ್ತಾರೆ, ಎಲ್ಲರೂ ಮನೆಗೆ. ರಾಮ ತಪ್ಪು ಮಾಡಿಲ್ಲ ಅಂತ ನಮ್ಮೂರ ಅಟ್ಟದ ಮೇಲೆ ಹೇಳುವವರೇ ಇಲ್ಲ ಈಗ.

ದರೋಜಿ ಈರಮ್ಮನವರು ಓದು ಬರಹ ಕಲಿತವರಲ್ಲ. ಹಾಡಿ ಹೇಳುವ ಬುರ್ರಕಥೆಯಲ್ಲಿ ಕುಮಾರರಾಮನ ಕಥೆ ಪೂರ್ತಿ ಬಾಯಲ್ಲಿತ್ತು ಅವರಿಗೆ. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡರು, ಆದರೆ ಅಷ್ಟರಲ್ಲಿ ಅವರು ಹಾಡಿದ್ದನ್ನು ಬರೆದುಕೊಂಡವರಿದ್ದರು. ನಮ್ಮ ಮಾಸ್ತರರ ಮುಂದೆ ಪೆನ್ನು ಹಿಡಿದು ಕೂರುವುದಕ್ಕೆ ನಾವು ತಡ ಮಾಡಿದೆವು.

ಹಸಿರು ಬಳೆ ಚೂರು ಅಂದೆನಲ್ಲ. ಸಾಮಾನು ಹೋದ ಹತ್ತು ವರ್ಷಕ್ಕೆ ದೂರದ ಒಂದು ಊರಿಗೆ ಮದುವೆಗೆ ಹೋಗಿದ್ದೆ. ದೊಡ್ಡ ಹೋಟೆಲ್. ಒಳಗೆ ಹೋಗುವಾಗ ಗೋಡೆಯ ಮೇಲೆ ಗಾಜಿನ ಪೆಟ್ಟಿಗೆ, ಮೇಲಿನಿಂದ ಲೈಟು. ಒಳಗೆ ಜೋಡಿ ಭುಜಕೀರ್ತಿ. ಎಡಗಡೆಯದರಲ್ಲಿ, ಕೆಳಗಿನಿಂದ ಎರಡನೇ ಸಾಲಿನಲ್ಲಿ, ಹಸಿರು ಚೂರು. ಬಾಗಿದ ಚೂರು, ಬಳೆಯದೇ. ನನ್ನ ಕಾಲು ನೆಲ ಬಿಟ್ಟು ಏಳಲಿಲ್ಲ. ಕೌಂಟರಿನಲ್ಲಿದ್ದ ಹುಡುಗನಿಗೆ ಹೇಳಿದೆ, ಇದು ನಮ್ಮಪ್ಪನದು ಅಂತ. ಅವನು ಮ್ಯಾನೇಜರನ್ನು ಕರೆದ. ಮ್ಯಾನೇಜರ್ ಮರ್ಯಾದೆಯಿಂದಲೇ ಮಾತಾಡಿದರು. "ಅಮ್ಮಾ, ನಾವು ದುಡ್ಡು ಕೊಟ್ಟು ತಂದಿದ್ದೇವೆ. ನಿಮ್ಮದು ಅನ್ನುವುದಕ್ಕೆ ಕಾಗದ ಏನಾದರೂ ಇದೆಯಾ? ಫೋಟೋ?" ಅಂದರು. ಏನಿತ್ತು ನನ್ನ ಹತ್ತಿರ? ಅಪ್ಪ ವೇಷ ಹಾಕಿಕೊಂಡ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿರಲಿಲ್ಲ. ಮದುವೆ ಊಟ ಮಾಡದೆ ಬಂದೆ.

ಮತ್ತೆ ಹೇಳುತ್ತೇನೆ, ಎಲ್ಲರೂ ಕೇಳಿಸಿಕೊಳ್ಳಿ. ಚೀಟಿ ಇಲ್ಲದೆ ಒಂದು ಗೆಜ್ಜೆಯೂ ಹೊರಗೆ ಹೋಗಬಾರದು. ಮುಖ ನೋಡಿ ಕೊಡಬೇಡಿ, ಕೈ ಮುಗಿದರು ಅಂತ ಕೊಡಬೇಡಿ.

ಇನ್ನೊಂದು ಮಾತು ಇದೆ, ಮನಸ್ಸಿನಲ್ಲಿ ಇಟ್ಟುಕೊಂಡು ಸಾಕಾಗಿದೆ. ಪಾಲು ಆದಾಗ ಹೊಲ ಅಳೆದಿರಿ, ಮನೆ ಅಳೆದಿರಿ, ಎತ್ತಿನ ಬಂಡಿಗೂ ಬೆಲೆ ಕಟ್ಟಿದಿರಿ. ಟ್ರಂಕು ಮಾತ್ರ ಯಾರಿಗೂ ಬೇಡವಾಗಿತ್ತು. "ಹಳೆ ಸಾಮಾನು, ಅಕ್ಕನ ಹತ್ತಿರ ಇರಲಿ" ಅಂದಿರಿ. ಮೂವತ್ತು ವರ್ಷ ಮಳೆಗಾಲ ಬಂದಾಗಲೆಲ್ಲ ಅದನ್ನು ಮೂಲೆಯಿಂದ ಮೂಲೆಗೆ ಎಳೆದಿದ್ದೇನೆ. ನನ್ನ ಮನೆ ಸೋರುತ್ತದೆ ಅಂತಲೇ ಅಲ್ವಾ ಪುಟ್ಟಿಯ ಹೊಸ ಮನೆಗೆ ಕಳಿಸಿದ್ದು? ಈಗ ಪ್ರದರ್ಶನ ಅಂದ ಕೂಡಲೇ "ನಮ್ಮ ಅಜ್ಜ, ನಮ್ಮ ಅಜ್ಜ" ಅಂತ ಎಲ್ಲರೂ ಬರೆಯುತ್ತಿದ್ದೀರಿ. 2025ರಲ್ಲಿ ಮೋರನಾಳದ ಭೀಮವ್ವನವರಿಗೆ ಪದ್ಮಶ್ರೀ ಬಂದಾಗ ಗ್ರೂಪ್ ತುಂಬ ಹೂವು ಹಾಕಿದಿರಿ. ಒಳ್ಳೆಯದು. ತೊಂಬತ್ತು ದಾಟಿದ ಆ ತಾಯಿ ಜೀವಮಾನವೆಲ್ಲ ತೊಗಲುಗೊಂಬೆ ಕುಣಿಸಿದ್ದಾರೆ. ಅವರ ಊರು ನಮ್ಮ ಜಿಲ್ಲೆಯಲ್ಲೇ ಇದೆ. ಪ್ರಶಸ್ತಿ ಬರುವ ಮುಂಚೆ ಒಮ್ಮೆಯಾದರೂ ಮಕ್ಕಳನ್ನು ಕರೆದುಕೊಂಡು ಹೋಗಿ ಗೊಂಬೆಯಾಟ ತೋರಿಸಿದ್ದೀರಾ?

ಉತ್ಸವಗಳ ಕಥೆಯೂ ಹಾಗೇ. ಎರಡು ವರ್ಷದ ಹಿಂದೆ ನಮ್ಮ ಭಾವನ ತಂಡವನ್ನು ಒಂದು ಉತ್ಸವಕ್ಕೆ ಕರೆದಿದ್ದರು. ಮಧ್ಯಾಹ್ನ ಮೂರಕ್ಕೇ ಬಣ್ಣ ಹಚ್ಚಿಕೊಂಡು ಕೂತರು. ಅಟ್ಟ ಸಿಕ್ಕಿದ್ದು ರಾತ್ರಿ ಹತ್ತಕ್ಕೆ, ಅದೂ ಇಪ್ಪತ್ತು ನಿಮಿಷ. ಸಾರಥಿ ಇನ್ನೂ "ತಾವು ಧಾರು?" ಅಂತ ಬಂದ ಪಾತ್ರದ ಹೆಸರು ಕೇಳುತ್ತಿದ್ದಾನೆ, ಅಷ್ಟರಲ್ಲಿ ಮೈಕು ಆಫ್. ಸಿನಿಮಾ ಹಾಡುಗಾರರು ಬಂದರಂತೆ. ಎಂಟು ಜನ ಕಿರೀಟ ಇಟ್ಟುಕೊಂಡೇ ಮೆಟ್ಟಿಲು ಇಳಿದು ಬಂದರು. ಸಿನಿಮಾ ಹಾಡು ಬೇಡ ಅನ್ನುವುದಿಲ್ಲ ನಾನು, ಹುಡುಗರಿಗೆ ಬೇಕು. ಆದರೆ ರಾತ್ರಿಯಿಡೀ ಆಡುವ ಆಟಕ್ಕೆ ಒಂದು ಗಂಟೆ ಕೊಟ್ಟರೆ ಏನು ಕಡಿಮೆಯಾಗುತ್ತಿತ್ತು? ಬಯಲಾಟದ ಸಾಮಾನು ಗಾಜಿನ ಪೆಟ್ಟಿಗೆಯಲ್ಲಿ ಬೇಕು, ಬಯಲಾಟ ಬೇಡ. ಇದು ನನಗೆ ತುಂಬ ನೋವು.

ಇರಲಿ. ನೀನು ಕೇಳಿದ್ದು ಕೊಡಬೇಕೋ ಬೇಡವೋ ಅಂತ. ಅದನ್ನೇ ಹೇಳಲಿಲ್ಲ ನೋಡು.

ಕೊಡು. ಜನ ನೋಡಲಿ. ಟ್ರಂಕಿನಲ್ಲೇ ಇಟ್ಟರೆ ಗೆದ್ದಲಿಗೆ ಆಗುತ್ತದೆ. ಆದರೆ ಉಳಿದಿರುವ ಮೊದಲನೇ ರಾತ್ರಿಯ ಪುಸ್ತಕ ಕೊಡಬೇಡ. ಅದರ ಜೆರಾಕ್ಸ್ ಕೊಡು, ಅದೂ ಹಾಳೆ ಬಿಚ್ಚದೆ. ನಾಳೆಯೇ ಮಗನನ್ನು ಕೂರಿಸಿ ಎಲ್ಲ ಪುಟದ ಫೋಟೋ ತೆಗೆಸು. ಬೆಳಗಿನ ಬೆಳಕಿನಲ್ಲಿ, ಬಿಳಿ ಬಟ್ಟೆ ಮೇಲಿಟ್ಟು, ಫ್ಲಾಶ್ ಇಲ್ಲದೆ. ಪುಟ ಬಿಡಬಾರದು, ಖಾಲಿ ಪುಟವೂ ಬರಲಿ. ಆ ಫೋಟೋಗಳನ್ನು ಸುಮ್ನೆ ಫೋನಿನಲ್ಲಿ ಇಡಬೇಡ, ಈ ಗ್ರೂಪಿಗೂ ಹಾಕು. ಹಂಪಿ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ವಿಭಾಗ ಇದೆ, ಉತ್ಸವ ಮುಗಿದ ಮೇಲೆ ಒಮ್ಮೆ ಅಲ್ಲಿಗೆ ಹೋಗಿ ತೋರಿಸೋಣ. ಸಿಂಧನೂರು ಮಾವನ ಮಗ ವಕೀಲ ಅಲ್ವಾ, ಅವನು ಹೇಳಿದ: 1972ರ ಪುರಾತನ ವಸ್ತುಗಳ ಕಾನೂನಿನಲ್ಲಿ 75 ವರ್ಷ ದಾಟಿದ, ಸಾಹಿತ್ಯದ ಬೆಲೆ ಇರುವ ಕೈಬರಹವನ್ನು ಪುರಾತನ ವಸ್ತು ಅಂತಲೇ ಎಣಿಸುತ್ತಾರೆ. ಅಪ್ಪನ ಪುಸ್ತಕ ಅದಕ್ಕಿಂತ ಹಳೆಯದು.

ಸಾಮಾನಿಗೆ ಚೀಟಿ ಎರಡು ಪ್ರತಿ ಆಗಲಿ. ಅವರ ಲೆಟರ್‌ಹೆಡ್, ಸೀಲು, ಸಹಿ, ಫೋನ್ ನಂಬರು, ವಾಪಸ್ ಕೊಡುವ ತಾರೀಕು ಎಲ್ಲ ಇರಬೇಕು. ಬರೀ "ಕಿರೀಟ" ಅಂತ ಬರೆಸಬೇಡ. ಎತ್ತರ ಎಷ್ಟು, ಕನ್ನಡಿ ಎಷ್ಟು, ಯಾವ ಕಡೆ ಬಣ್ಣ ಎದ್ದಿದೆ ಅಂತ ಬರೆಸು. ಗೆಜ್ಜೆ ಎಣಿಸಿ ಬರೆಸು. ಒಂದೊಂದು ಸಾಮಾನಿಗೂ ಹಿಂದೆ ಮುಂದೆ ಫೋಟೋ ತೆಗೆ. ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡ, ಹುಣಸೆ ಬೀಜದ ಅಂಟು ನೀರು ತಾಗಿದರೆ ಬಿಡುತ್ತದೆ. ಒಣ ಬ್ರಷ್ ಸಾಕು. ಪ್ಲಾಸ್ಟಿಕ್ ಬೇಡ, ಹಳೆ ಕಾಟನ್ ಪಂಚೆಯಲ್ಲಿ ಸುತ್ತು. ಅವರ ಕಾರಿಗೆ ಹಾಕಿ ಕಳಿಸಬೇಡ. ನಾವೇ ತೆಗೆದುಕೊಂಡು ಹೋಗಿ ಇಟ್ಟು, ಮುಗಿದ ದಿನ ನಾವೇ ತರೋಣ. ಇದಕ್ಕೆ ಒಪ್ಪಿದರೆ ಕೊಡು. ಒಪ್ಪದಿದ್ದರೆ ಚಹಾ ಕುಡಿಸಿ ಕಳಿಸು.

ಕಿರೀಟದ ಒಳಗೆ, ಹಣೆಗೆ ತಾಗುವ ಕಡೆ, ಕೆಂಪು ದಾರದಲ್ಲಿ ಮೂರು ಹೊಲಿಗೆ ಹಾಕಿದ್ದೇನೆ. ಮೊದಲು ಅದರ ಫೋಟೋ ತೆಗೆದು ನನಗೆ ಕಳಿಸು. ಗುರುವಾರ ಮುಂಜಾನೆ ಬಸ್ಸಿಗೆ ನಾನು ಗಂಗಾವತಿಗೆ ಬರುತ್ತೇನೆ. ಪಂಚೆ ನಾನೇ ತರುತ್ತೇನೆ, ನೀನು ಹುಡುಕಬೇಡ.