ಡೈರೆಕ್ಟರಿ ಪ್ರೊಫೈಲ್ ನೋಡಿ ಕ್ಲೈಂಟ್ ಬರ್ತಾರಾ?

ಕದ್ರಿ ಕೌನ್ಸೆಲರ್: ಕ್ಲಿನಿಕ್ ತೆರೆದು ಆರು ತಿಂಗಳಾಯಿತು. ಕೌನ್ಸೆಲರ್ ಹುಡುಕುವವರಿಗಾಗಿ ಇರುವ ಒಂದು ಆನ್‌ಲೈನ್ ಡೈರೆಕ್ಟರಿಗೆ ದುಡ್ಡು ಕಟ್ಟಿದೆ, ಬಂದದ್ದು ಬರೀ ಸಾಲ ಬೇಕಾ ಅನ್ನುವ ಕಾಲ್. ಪ್ರೊಫೈಲ್‌ನಲ್ಲಿ ಏನು ಬರೆಯಬೇಕು ಮಾರಾಯ್ರೆ?

ಉಡುಪಿಯವಳು: ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಮ್ಯಾಪ್‌ನಲ್ಲಿ ಕ್ಲಿನಿಕ್ ಕಾಣಿಸುವ ಪುಟ) ಮಾಡಿ, ಅದು ಉಚಿತ. ಸಿಬಿಟಿ, ಡಿಬಿಟಿ ಅಂತ ಥೆರಪಿಗಳ ಹೆಸರಿನ ಉದ್ದ ಪಟ್ಟಿ ಸುಮ್ನೆ ಹಾಕಿದರೆ ಯಾರಿಗೂ ಅರ್ಥವಾಗುವುದಿಲ್ಲ; ರಾತ್ರಿ ನಿದ್ದೆ ಬರದವರಿಗೆ, ಹೆರಿಗೆಯಾದ ಮೇಲೆ ಅಳು ನಿಲ್ಲದವರಿಗೆ ಅಂತ ನೇರವಾಗಿ ಬರೆಯಿರಿ. ಫೀಸೂ ಹಾಕಿ. ತುಳು, ಕೊಂಕಣಿ, ಬ್ಯಾರಿ ಯಾವುದು ಬರುತ್ತದೋ ಅದನ್ನೂ. ನನಗೆ ಜಾಸ್ತಿ ಫೋನ್ ಬಂದದ್ದು ತುಳು ಸೇರಿಸಿದ ಮೇಲೆಯೇ.

ಮಣಿಪಾಲದಿಂದ: ಕ್ಲೈಂಟ್ ಹತ್ತಿರ ರಿವ್ಯೂ ಕೇಳಬೇಡಿ. ಬಂದ ರಿವ್ಯೂಗೆ "ಬಂದದ್ದಕ್ಕೆ ಥ್ಯಾಂಕ್ಸ್" ಅಂದರೂ ಅವರು ನಿಮ್ಮ ಕ್ಲೈಂಟ್ ಅನ್ನುವ ಗುಟ್ಟು ಬಿಟ್ಟುಕೊಟ್ಟಂತೆ. ನಮ್ಮದು ಸಣ್ಣ ಊರು ಅಲ್ವಾ! 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಗೌಪ್ಯತೆಯ ಹಕ್ಕಿದೆ. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದ್ದರೆ ನಂಬರ್ ಹಾಕಿ.

ಕದ್ರಿ ಕೌನ್ಸೆಲರ್: ತುಳು ಹಾಕಿಯೇ ಇರಲಿಲ್ಲ ನೋಡಿ! ಈಗಲೇ ಸೇರಿಸುತ್ತೇನೆ.