ಅಪ್‌ಡೇಟ್: ಆಗುಂಬೆ ಘಾಟಿಗೆ ‘ಎಲ್’ ಗೇರ್

‘ಆಟೋಮ್ಯಾಟಿಕ್ ಕಾರನ್ನು ಡಿಯಲ್ಲೇ (ಡ್ರೈವ್, ಮಾಮೂಲಿ ಓಡಿಸೋ ಗೇರ್) ಬಿಟ್ಟು ಆಗುಂಬೆ ಇಳಿದರೆ ಬ್ರೇಕ್ ಸುಟ್ಟ ವಾಸನೆ ಬರುತ್ತೆ, ಏನು ಮಾಡೋದು?’ ಅಂತ ಕೇಳಿದ್ದೆ. ನೀವು ಹೇಳಿದ ಹಾಗೆ ‘ಎಲ್’ (ಲೋ, ಅಂದರೆ ಕೆಳಗಿನ ಗೇರ್) ಹಾಕಿ ಇಳಿದೆ, ಈ ಸಲ ವಾಸನೆ ಇಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಡಿಯಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಗೇರ್‌ಬಾಕ್ಸ್ ಮೇಲಿನ ಗೇರಿಗೆ ಹೋಗಿಬಿಡುತ್ತೆ. ಆಮೇಲೆ ಎಂಜಿನ್ ಗಾಡಿಯನ್ನು ಅಷ್ಟಾಗಿ ಹಿಡಿಯೋದಿಲ್ಲ. 14 ಹೇರ್‌ಪಿನ್ ತಿರುವಿನ ಭಾರ ಹೆಚ್ಚಾಗಿ ಬ್ರೇಕ್ ಮೇಲೆ. ಅದಕ್ಕೇ ಮೊದಲ ತಿರುವಿಗೂ ಮುಂಚೆ, ನೇರ ರಸ್ತೆಯಲ್ಲಿ ವೇಗ 30ಕ್ಕೆ ಇಳಿಸಿ ‘ಎಲ್’ಗೆ ಎಳೆಯಿರಿ. ಎಎಂಟಿ (ಕ್ಲಚ್, ಗೇರ್ ತಾನೇ ಬದಲಿಸೋ ಮ್ಯಾನುವಲ್ ಗೇರ್‌ಬಾಕ್ಸ್) ಆದರೆ ಮ್ಯಾನುವಲ್ ಮೋಡ್, ಎರಡನೇ ಗೇರ್. ತೀರಾ ಕಡಿದಾದಲ್ಲಿ ಒಂದು. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತೋ ಲೆಕ್ಕ) 3,000 ದಾಟಿ ಎಂಜಿನ್ ಗುಂಯ್ ಅಂದರೆ ಹೆದರಬೇಡಿ, ಮೀಟರಿನ ಕೆಂಪು ಗೆರೆ ಮುಟ್ಟದಿದ್ದರೆ ಸಾಕು. ಬ್ರೇಕನ್ನು ಒತ್ತಿ ಹಿಡಿದೇ ಇರಬೇಡಿ, ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ.

ಮಳೆಗಾಲದಲ್ಲಿ ತಿರುವಿನ ನಡುವೆ ಮಾತ್ರ ಗೇರ್ ಇಳಿಸಲೇಬೇಡಿ. ಆ ಜರ್ಕಿಗೆ ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಬಹುದು. ನ್ಯೂಟ್ರಲ್ ಅಂತೂ ಬೇಡವೇ ಬೇಡ.

ವಾಸನೆ ಬಂದೇಬಿಟ್ಟರೆ ಅಗಲ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.