ಮನೆ ತೋಟಕ್ಕೆ ಅಪರೂಪದ ಪಾಮ್‌ಗಳು: ಯಾವುದನ್ನು ಎಲ್ಲಿ ನೆಡಲಿ?

ಹಸಿರುಗರಿ:

ಎಲ್ಲರಿಗೂ ನಮಸ್ಕಾರ. ಅರೆಕಾ ಪಾಮ್, ಫಾಕ್ಸ್‌ಟೇಲ್, ಬಾಟಲ್ ಪಾಮ್ ನನ್ನ ತೋಟದಲ್ಲಿ ಆಗಲೇ ಚೆನ್ನಾಗಿ ಬಂದಿವೆ. ಇನ್ನು ಮೇಲೆ ಎಲ್ಲ ಕಡೆ ಕಾಣಸಿಗದ ಜಾತಿಗಳನ್ನು ಬೆಳೆಸಬೇಕು ಅಂತ ತುಂಬಾ ಆಸೆ. ಮನಸ್ಸಿಗೆ ಹಿಡಿಸಿರೋದು ಇವು: ಬೆಳ್ಳಿ ಬಣ್ಣದ ಬಿಸ್ಮಾರ್ಕ್ ಪಾಮ್, ಕೆಂಪು ಕಾಂಡದ ಲಿಪ್‌ಸ್ಟಿಕ್ ಪಾಮ್, ದುಂಡನೆ ಎಲೆಯ ಲಿಕುವಾಲಾ ಗ್ರಾಂಡಿಸ್, ಸೀಳೇ ಇಲ್ಲದ ದೊಡ್ಡ ಎಲೆಯ ಜೋಯಿ ಪಾಮ್, ಮತ್ತೆ ಹೊಸ ಗರಿ ಕೆಂಪಗೆ ಬಿಚ್ಚುವ ಚಾಂಬೆರೋನಿಯಾ.

ಜಾಗ ಹೀಗಿದೆ. ಒಂದು ಮೂಲೆಗೆ ದಿನವಿಡೀ ಬಿಸಿಲು, ಗಾಳಿಯೂ ಜಾಸ್ತಿ, ಗೋಡೆಯಿಂದ ಸುಮಾರು 3 ಮೀಟರ್ ದೂರ. ಇನ್ನೊಂದು ಕಡೆ ದೊಡ್ಡ ಮರದ ಕೆಳಗೆ ತಂಪು ನೆರಳು, ಗಾಳಿ ನುಗ್ಗೋದಿಲ್ಲ. ಮೂರನೆಯದು ತಗ್ಗು, ಅಲ್ಲಿ ನೀರು ಬೇಗ ಇಂಗೋದಿಲ್ಲ. ಚಳಿ ಅಂಥದ್ದೇನೂ ಇಲ್ಲ.

ಯಾವುದನ್ನು ಎಲ್ಲಿ ಹಾಕಲಿ? ಬೀಜ ತರಿಸಲಾ, ಗಿಡವನ್ನೇ ತರಲಾ? ಇನ್ನೊಂದು ವಿಷಯ. ಒಂದು ಚಾಂಬೆರೋನಿಯಾ ಸಸಿ ಆಗಲೇ ಕುಂಡದಲ್ಲಿದೆ. ತಂದು ಬಹಳ ಕಾಲ ಆಯಿತು. ಎಲೆ ಬರ್ತಾ ಇದೆ, ಆದ್ರೆ ಕಾಂಡ ಮಾತ್ರ ಮೇಲೇಳ್ತಾ ಇಲ್ಲ. ಅದಕ್ಕೇನಾದರೂ ಆಗಿದೆಯಾ?

ಬಿಸಿಲುಮಡಿ:

ನಿಮ್ಮ ಬಿಸಿಲು ಮೂಲೆ ನೋಡಿದರೆ ಎಲ್ಲರೂ ಬಿಸ್ಮಾರ್ಕ್ ಅಂತಾರೆ. ಬಿಸಿಲು, ಗಾಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ, ನಿಜ. ಆದರೆ ಗೋಡೆಗೆ 3 ಮೀಟರ್ ಅಂದ್ರೆ ಇಕ್ಕಟ್ಟು. ಬೆಳೆದ ಬಿಸ್ಮಾರ್ಕ್ ತಲೆ 6 ಮೀಟರ್ ಅಗಲಕ್ಕೆ ಹರಡುತ್ತೆ, ಕೆಲವು ಸಲ ಅದಕ್ಕಿಂತ ಜಾಸ್ತಿ. ಅದೂ ಕಾಂಡ ಏಳೋ ಮೊದಲೇ, ಅಂದರೆ ಆ ಬಿರುಸು ಗರಿಗಳೆಲ್ಲ ನಿಮ್ಮ ಎದೆಮಟ್ಟದಲ್ಲಿ ಇರ್ತವೆ. ಓಡಾಡೋಕೆ ದಾರಿ ಇರೋದಿಲ್ಲ. ಆಮೇಲೆ ಕಿತ್ತು ಬೇರೆ ಕಡೆ ನೆಡ್ತೀನಿ ಅಂದರೆ ಅದು ಬದುಕೋದು ಕಷ್ಟ.

ಅಲ್ಲಿಗೆ ಟ್ರಯಾಂಗಲ್ ಪಾಮ್ ನೋಡಿ, ಡಿಪ್ಸಿಸ್ ಡೆಕಾರಿಯೈ. ಬಿಸ್ಮಾರ್ಕ್ ಥರ ಅದೂ ಮಡಗಾಸ್ಕರ್‌ದೇ. ಗರಿಗಳ ಬುಡ ಮೂರು ಸಾಲಾಗಿ ಜೋಡಿಸಿಕೊಂಡು ಕಾಂಡದ ಮೇಲೆ ಮುಕ್ಕೋನ ಕಟ್ಟುತ್ತೆ. ಒಣ ಜಾಗ ತಡೆಯುತ್ತೆ, ಬಣ್ಣವೂ ಬೂದು ನೀಲಿ. ನಿಮಗೆ ಬೇಕಾದ ಬೆಳ್ಳಿ ಛಾಯೆ ಸ್ವಲ್ಪ ಸಿಕ್ಕ ಹಾಗಾಗುತ್ತೆ.

ಸುಳಿಯ ಕಾವಲು:

ಬಿಸಿಲುಮಡಿ ಹೇಳಿದ್ದನ್ನು ನಾನೂ ಒಪ್ತೀನಿ. ಉಳಿದದ್ದು ಸ್ವಲ್ಪ ಉದ್ದ ಆಗುತ್ತೆ, ಪಾಮ್ ವಿಷಯ ಬಂದರೆ ನನಗೆ ಬೇಗ ಮುಗಿಸೋಕೆ ಆಗೋದಿಲ್ಲ.

ಮೊದಲು ನಿಮ್ಮ ಚಾಂಬೆರೋನಿಯಾ. ಅದಕ್ಕೇನೂ ಆಗಿಲ್ಲ. ಮಾವು, ಬೇವು ಥರದ ಮರಗಳಿಗೆ ತೊಗಟೆ ಒಳಗೆ ಬೆಳೆಯೋ ಪದರ ಇರುತ್ತೆ, ಕಾಂಡ ವರ್ಷ ವರ್ಷ ದಪ್ಪ ಆಗ್ತಾ ಹೋಗುತ್ತೆ. ಪಾಮ್‌ಗೆ ಆ ಪದರವೇ ಇಲ್ಲ. ಅದಕ್ಕೇ ಅದು ಮೊದಲು ನೆಲಮಟ್ಟದಲ್ಲಿ ಕೂತು ತನ್ನ ಬುಡದ ಅಗಲವನ್ನು ಪೂರ್ತಿ ಕಟ್ಟಿಕೊಳ್ಳುತ್ತೆ. ಎತ್ತರಕ್ಕೆ ಹೋಗೋದು ಆಮೇಲೆ. ಈ ಕಾಲದಲ್ಲಿ ನೋಡೋರಿಗೆ ಏನೂ ನಡೀತಾ ಇಲ್ಲ ಅನ್ನಿಸುತ್ತೆ. ತಾಳ್ಮೆ ಕಳಕೊಂಡು ಜನ ಕುಂಡ ಬದಲಿಸ್ತಾರೆ, ಗೊಬ್ಬರ ಸುರಿತಾರೆ, ಬೇರು ಬಿಡಿಸಿ ನೋಡ್ತಾರೆ. ಕೆಡೋದು ಅಲ್ಲೇ.

ಬೆಳೀತಾ ಇದೆಯೋ ಇಲ್ಲವೋ ತಿಳಿಯೋಕೆ ನಾನು ಮಾಡೋದು ಇದು. ಬಿಚ್ಚದೇ ನೆಟ್ಟಗೆ ನಿಂತಿರೋ ಸುಳಿಯನ್ನೂ ಪಕ್ಕದ ಗರಿಯ ದಂಟನ್ನೂ ಒಟ್ಟಿಗೆ ಹಿಡಿದು ಮಾರ್ಕರ್ ಪೆನ್ನಿಂದ ಅಡ್ಡಕ್ಕೆ ಒಂದು ಗೆರೆ ಎಳೀತೀನಿ. ಗೆರೆ ಎರಡರ ಮೇಲೂ ಸಮವಾಗಿರಬೇಕು. ಬೆಳೆದು ಮುಗಿದ ದಂಟು ಇದ್ದಲ್ಲೇ ಇರುತ್ತೆ, ಸುಳಿ ಮೇಲೆ ಸರಿಯುತ್ತೆ. ಸ್ವಲ್ಪ ದಿನ ಬಿಟ್ಟು ನೋಡಿದರೆ ಸುಳಿಯ ಗೆರೆ ದಂಟಿನ ಗೆರೆಗಿಂತ ಒಂದು ಬೆರಳು ಮೇಲಿರುತ್ತೆ, ನಿಧಾನದ ಜಾತಿಯಾದರೆ ಭತ್ತದ ಕಾಳಿನಷ್ಟು. ಸರಿದಿದೆ ಅಂದರೆ ಗಿಡ ಕೆಲಸ ಮಾಡ್ತಾ ಇದೆ. ನೀವು ಸುಮ್ನೆ ಇದ್ದರೆ ಸಾಕು.

ಚಾಂಬೆರೋನಿಯಾ ನ್ಯೂ ಕ್ಯಾಲೆಡೋನಿಯಾದ ಮಳೆಕಾಡಿನದು. ಚಿಕ್ಕದಿರುವಾಗ ನೆರಳು ಬೇಕೇ ಬೇಕು. ಎಳೆ ಗಿಡದಲ್ಲಿ ಹೊಸ ಗರಿ ಕೆಂಪಾಗದೇ ಬಂದರೆ ಬೇಜಾರಾಗಬೇಡಿ, ಕೆಲವು ಗಿಡಕ್ಕೆ ವಯಸ್ಸಾದ ಮೇಲೆ ಬಣ್ಣ ಬರುತ್ತೆ. ಬಂದರೂ ಆ ಕೆಂಪು ಇರೋದು ಕೆಲವೇ ದಿನ, ಆಮೇಲೆ ಹಸಿರು. ಅದನ್ನು ನಿಮ್ಮ ಮರದ ನೆರಳಿನ ಅಂಚಿಗೆ ಹಾಕಿ, ಬೆಳಗಿನ ಎಳೆಬಿಸಿಲು ಬೀಳೋ ಕಡೆ.

ತಗ್ಗು ಜಾಗಕ್ಕೆ ಲಿಪ್‌ಸ್ಟಿಕ್ ಪಾಮ್. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಮಲಯ, ಸುಮಾತ್ರ, ಬೋರ್ನಿಯೋ ಕಡೆಯ ಜೌಗು ಕಾಡಿನಲ್ಲಿ ನೀರೊಳಗೆ ಬುಡ ಇಟ್ಟುಕೊಂಡೇ ಬೆಳೆಯೋ ಗಿಡ ಅದು. ಬೇರೆ ಪಾಮ್‌ಗಳ ಬೇರು ಕೊಳೆಯೋ ಜಾಗದಲ್ಲಿ ಇದು ಖುಷಿಯಾಗಿರುತ್ತೆ. ಎರಡು ವಿಷಯ ಮಾತ್ರ ತಡೆಯೋದಿಲ್ಲ: ಬುಡ ಒಣಗೋದು, ಮತ್ತೆ ಚಳಿ. 15 ಡಿಗ್ರಿಗಿಂತ ಕೆಳಗೆ ಹೋದರೆ ಸೊರಗೋಕೆ ಶುರು. ಎಳೆಯದಿರುವಾಗ ಅರೆ ನೆರಳು ಕೊಡಿ, ಬೇರು ಕಚ್ಚಿಕೊಂಡ ಮೇಲೆ ಬಿಸಿಲಿಗೆ ಬಿಡಿ. ಬಿಸಿಲು ಸಿಕ್ಕಷ್ಟೂ ಕಾಂಡದ ಕೆಂಪು ಚೆನ್ನಾಗಿ ಬರುತ್ತೆ. ಪಕ್ಕದಲ್ಲಿ ಮರಿಗಳು ಎದ್ದಾಗ ಬೇರ್ಪಡಿಸಿ ನೆಡೋಣ ಅಂತ ಕೈ ಹಾಕಬೇಡಿ. ಬೇರ್ಪಟ್ಟ ಮರಿ ಉಳಿಯೋದು ಕಡಿಮೆ, ತಾಯಿಗೂ ಪೆಟ್ಟು.

ನೆರಳಿಗೆ ಲಿಕುವಾಲಾ ಗ್ರಾಂಡಿಸ್ ಸರಿ. ವನುವಾಟು, ಸೊಲೊಮನ್ ದ್ವೀಪಗಳ ಗಿಡ. ಗಾಳಿ ಬಡಿದರೆ ಆ ಸುಂದರ ದುಂಡು ಎಲೆ ಸೀಳಿ ಚಿಂದಿ ಆಗುತ್ತೆ. ನಿಮ್ಮಲ್ಲಿ ಗಾಳಿ ನುಗ್ಗೋದಿಲ್ಲ ಅಂದಿದ್ದೀರಿ, ಒಳ್ಳೆಯದಾಯ್ತು.

ಜೋಯಿ ಪಾಮ್ ಬಗ್ಗೆ ನನ್ನ ಅಭಿಪ್ರಾಯ: ಸದ್ಯಕ್ಕೆ ಬೇಡ. ಅದರ ಒಂದು ಎಲೆಯೇ 3 ಮೀಟರ್ ದಾಟಬಹುದು. ಕಾಡಿನ ತಳದಲ್ಲಿ, ಕೊಳೆತ ಎಲೆ ಹಾಸಿದ ಒದ್ದೆ ನೆಲದಲ್ಲಿ, ಗಾಳಿಯಲ್ಲಿ ಸದಾ ತೇವ ಇದ್ದರೆ ಮಾತ್ರ ಅದಕ್ಕೆ ಸುಖ. ಬೇರು ಸ್ವಲ್ಪ ಅಲುಗಿದರೂ ಮುನಿಸಿಕೊಳ್ಳುತ್ತೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಆ ಕುಲದಲ್ಲಿ ಇರೋದು 4 ಜಾತಿ. ಅದರಲ್ಲಿ 3 ಜಾತಿ ಮಲಯ ಪರ್ಯಾಯ ದ್ವೀಪ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯೋದಿಲ್ಲ. ದೊಡ್ಡ ಗಿಡ ಅಗ್ಗಕ್ಕೆ ಸಿಗ್ತಾ ಇದೆ ಅಂದರೆ ಕಾಡಿನಿಂದ ಕಿತ್ತು ತಂದದ್ದಾ ಅಂತ ಕೇಳಲೇಬೇಕು. ಕಿತ್ತು ತಂದದ್ದು ಹೆಚ್ಚಾಗಿ ನಿಮ್ಮ ಕೈಯಲ್ಲೂ ಬದುಕೋದಿಲ್ಲ, ಕಾಡಿನಲ್ಲೂ ಒಂದು ಕಡಿಮೆ ಆಯ್ತು. ಬೀಜದಿಂದ ಎಬ್ಬಿಸಿದ ಸಣ್ಣ ಸಸಿ ಸಿಕ್ಕರೆ ಮಾತ್ರ ತನ್ನಿ.

ನಿಮ್ಮ ಬಾಟಲ್ ಪಾಮ್ ಎಲ್ಲಿಯದು ಗೊತ್ತಾ? ಮಾರಿಷಸ್ ಹತ್ತಿರದ ರೌಂಡ್ ಐಲೆಂಡ್ ಅನ್ನೋ ಪುಟ್ಟ ದ್ವೀಪದ್ದು. ಅಲ್ಲಿ ಬೆರಳೆಣಿಕೆಯಷ್ಟು ಮರ ಉಳಿದಿದ್ದ ಕಾಲವಿತ್ತು. ಅದೇ ಕುಲದ ಹಯೋಫೋರ್ಬೆ ಅಮರಿಕೌಲಿಸ್ ಈಗ ಇಡೀ ಭೂಮಿಯಲ್ಲಿ ಒಂದೇ ಒಂದು ಮರ, ಮಾರಿಷಸ್‌ನ ಕ್ಯೂರ್‌ಪೀಪ್ ಸಸ್ಯೋದ್ಯಾನದಲ್ಲಿ. ಇದನ್ನು ಓದಿದಾಗಿಂದ ಯಾವ ಗಿಡ ತರುವಾಗಲೂ ಅದು ಎಲ್ಲಿಂದ ಬಂತು ಅಂತ ಕೇಳದೇ ಇರೋಕೆ ನನಗೆ ಆಗೋದಿಲ್ಲ.

ಮೊಳಕೆಪೆಟ್ಟಿಗೆ:

ಬೀಜದ ವಿಷಯ ನಾನು ಹೇಳ್ತೀನಿ, ನನ್ನ ಪ್ರೀತಿಯ ಕೆಲಸ ಅದು.

ಮಳೆಕಾಡಿನ ಪಾಮ್ ಬೀಜ ಒಣಗಿದರೆ ಮುಗೀತು. ಕಾಳಿನ ಥರ ಒಣಗಿಸಿ ಡಬ್ಬಿಯಲ್ಲಿ ಇಡೋ ಬೀಜ ಅಲ್ಲ ಇದು. ಬಂದ ತಕ್ಷಣ ಹಣ್ಣಿನ ತಿರುಳು ಪೂರ್ತಿ ತೆಗೀಬೇಕು, ತಿರುಳು ಉಳಿದರೆ ಮೊಳಕೆ ತಡ ಆಗುತ್ತೆ, ಬೂಷ್ಟೂ ಹಿಡಿಯುತ್ತೆ. ಆಮೇಲೆ ಒಂದೆರಡು ದಿನ ನೀರಲ್ಲಿ ನೆನೆಸಿ, ನೀರು ದಿನಾ ಬದಲಿಸಿ. ಬಗನಿ, ಅರೆಂಗಾ, ಚಾಮೆಡೋರಿಯಾ ಜಾತಿಯ ಹಣ್ಣಾದರೆ ಕೈಗವಸು ಹಾಕಿಕೊಳ್ಳಿ. ಅದರ ತಿರುಳಲ್ಲಿ ಸೂಜಿ ಥರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇರುತ್ತೆ, ತುರಿಕೆ ಅಂದರೆ ಅಂಥಿಂಥ ತುರಿಕೆ ಅಲ್ಲ.

ತೆಂಗಿನ ನಾರಿನ ಪುಡಿ ಒದ್ದೆ ಮಾಡಿ, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರಬೇಕು. ಅದರ ಜೊತೆ ಬೀಜ ಬೆರೆಸಿ ಜಿಪ್ ಕವರಲ್ಲಿ ಹಾಕಿ 30 ಡಿಗ್ರಿ ಆಸುಪಾಸು ಬೆಚ್ಚಗಿರೋ ಕಡೆ ಇಡಿ. ಬಿಸಿಲಿಗೆ ಬೇಡ. ಲಿಕುವಾಲಾಗಳು ತಿಂಗಳುಗಟ್ಟಲೆ ಕಾಯಿಸ್ತವೆ, ಬೀಜ ಗಟ್ಟಿಯಾಗಿ ಇರೋ ತನಕ ಬಿಸಾಕಬೇಡಿ.

ಬಿಸ್ಮಾರ್ಕ್ ಬೆಳೆಸೋರು ಯಾರಾದರೂ ಓದ್ತಾ ಇದ್ದರೆ ಇದನ್ನು ಗಮನಿಸಿ. ಅದರ ಮೊಳಕೆ ಬೀಜದ ಪಕ್ಕದಲ್ಲಿ ಏಳೋದಿಲ್ಲ. ಬೀಜದಿಂದ ಬಿಳೀ ಕೊಳವೆ ಥರ ಒಂದು ಬಂದು, ಬಾವಿಗೆ ಕೊಡ ಇಳಿಸಿದ ಹಾಗೆ, ಎಳೆ ಗಿಡವನ್ನು ಮಣ್ಣಿನ ಆಳಕ್ಕೆ ಇಳಿಸುತ್ತೆ. ಮೊದಲ ಎಲೆ ಅಲ್ಲಿಂದ ಮೇಲೆ ಬರುತ್ತೆ. ಅದಕ್ಕೇ ಉದ್ದದ ಕುಂಡ ಬೇಕು, ಆ ಕೊಳವೆ ಮುರೀಬಾರದು.

ಹಸಿರುಗರಿ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಗೆರೆ ಎಳೆಯೋದು ಇವತ್ತೇ ಮಾಡಿದೆ. ಬಿಸ್ಮಾರ್ಕ್ ಕೈಬಿಟ್ಟು ಟ್ರಯಾಂಗಲ್ ಪಾಮ್ ತರ್ತೀನಿ, ತಗ್ಗಿಗೆ ಲಿಪ್‌ಸ್ಟಿಕ್. ಜೋಯಿ ಬೇಡ ಅಂದರೆ ನೆರಳಲ್ಲಿ ಲಿಕುವಾಲಾ ಜೊತೆಗೆ ಬೇರೆ ಏನು ಹಾಕಬಹುದು?

ಇನ್ನೊಂದು. ನನ್ನ ಫಾಕ್ಸ್‌ಟೇಲ್‌ನ ಹಳೇ ಗರಿಗಳಲ್ಲಿ ಹಳದಿ, ಕಿತ್ತಳೆ ಚುಕ್ಕೆ ಬಂದಿವೆ, ತುದಿ ಒಣಗಿದೆ. ಹೊಸ ಗರಿ ಚೆನ್ನಾಗಿದೆ. ಹಳೇದನ್ನು ಕತ್ತರಿಸಿ ತೆಗೆಯಲಾ? ಹೊಸ ಗಿಡಗಳಿಗೂ ಹೀಗೇ ಆದರೆ ಅಂತ ಭಯ.

ಸುಳಿಯ ಕಾವಲು:

ಕತ್ತರಿಸಬೇಡಿ! ಹಳೇ ಗರಿಯಲ್ಲಿ ಚುಕ್ಕೆ, ತುದಿ ಒಣಗೋದು ಸಾಮಾನ್ಯವಾಗಿ ಪೊಟ್ಯಾಶ್ ಕೊರತೆ. ಗಿಡ ಹಳೇ ಗರಿಯಿಂದ ಪೊಟ್ಯಾಶ್ ಎಳೆದು ಹೊಸ ಗರಿಗೆ ಕೊಡ್ತಾ ಇದೆ. ಅದನ್ನು ನೀವು ಕತ್ತರಿಸಿದರೆ ಮೇಲಿನ ಗರಿಯಿಂದ ಎಳೆಯೋಕೆ ಶುರು ಮಾಡುತ್ತೆ. ಪೂರ್ತಿ ಕಂದಾಗಿ ಜೋತುಬಿದ್ದ ಮೇಲೆ ತೆಗೆದರೆ ಸಾಕು. ಚುಕ್ಕೆ ಬಂದ ಗರಿ ಮತ್ತೆ ಹಸಿರಾಗೋದಿಲ್ಲ, ಹೊಸದಾಗಿ ಬರೋ ಗರಿಗಳು ಶುದ್ಧವಾಗಿರಬೇಕು, ಅಷ್ಟೇ.

ಪೊಟ್ಯಾಶ್ ಒಂದನ್ನೇ ಸುರೀಬೇಡಿ, ಆಗ ಮೆಗ್ನೀಷಿಯಂ ಕಡಿಮೆ ಆಗುತ್ತೆ. ಹಳೇ ಗರಿಯ ಅಂಚು ಅಗಲವಾಗಿ ಹಳದಿ, ನಡುವೆ ಹಸಿರು ಉಳಿದರೆ ಅದು ಮೆಗ್ನೀಷಿಯಂ ಕೊರತೆ. ಪಾಮ್‌ಗಳಿಗೆ ಚೆನ್ನಾಗಿ ಒಗ್ಗೋ ಗೊಬ್ಬರದ ಪ್ರಮಾಣ 8-2-12 (ಸಾರಜನಕ, ರಂಜಕ, ಪೊಟ್ಯಾಶ್ ಶೇಕಡಾ ಲೆಕ್ಕದಲ್ಲಿ), ಜೊತೆಗೆ 4 ಮೆಗ್ನೀಷಿಯಂ. ಫ್ಲೋರಿಡಾ ವಿಶ್ವವಿದ್ಯಾಲಯದವರು ಹೇಳೋದೂ ಇದನ್ನೇ. ನಿಧಾನವಾಗಿ ಕರಗೋ ಥರದ್ದು ತಗೊಳ್ಳಿ. ಬುಡಕ್ಕೆ ಗುಡ್ಡೆ ಹಾಕದೆ ಗರಿಗಳ ನೆರಳು ಬೀಳೋವಷ್ಟು ಅಗಲಕ್ಕೆ ಚೆಲ್ಲಿ.

ಗಾಬರಿ ಆಗಬೇಕಾದ್ದು ಹೊಸ ಗರಿ ಕೆಟ್ಟಾಗ. ಹೊಸದು ಸುಟ್ಟ ಹಾಗೆ ಮುದುರಿ ಸಣ್ಣದಾಗಿ ಬಂದರೆ ಮ್ಯಾಂಗನೀಸ್ ಕೊರತೆ ಇರಬಹುದು, ಅದು ಗಿಡವನ್ನೇ ತೆಗೆಯುತ್ತೆ. ಪಾಮ್‌ಗೆ ಕಾಂಡಕ್ಕೊಂದೇ ಸುಳಿ. ಅದು ಹೋದರೆ ಪಕ್ಕದಿಂದ ಕೊಂಬೆ ಒಡೆಯೋದಿಲ್ಲ. ಅದಕ್ಕೇ ಆಗಾಗ ಸುಳಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಗಟ್ಟಿಯಾಗಿದ್ದರೆ ಕ್ಷೇಮ. ಕೈಗೇ ಕಿತ್ತು ಬಂದು, ಬುಡ ಕಂದಾಗಿ ವಾಸನೆ ಹೊಡೆದರೆ ಸುಳಿಕೊಳೆ. ಕೊಳೆತದ್ದೆಲ್ಲ ತೆಗೆದು, ಶಿಲೀಂಧ್ರನಾಶಕ ಹಾಕಿ, ಮೇಲಿನಿಂದ ನೀರು ಬೀಳದ ಹಾಗೆ ನೋಡಿಕೊಳ್ಳಿ. ಬೇಗ ಕಂಡರೆ ಎಷ್ಟೋ ಗಿಡ ಹೊಸ ಸುಳಿ ಬಿಡ್ತವೆ. ಸುಳಿ ಸುತ್ತ ತೂತು ಅಥವಾ ಕತ್ತರಿಯಿಂದ ವಿ ಆಕಾರದಲ್ಲಿ ಕತ್ತರಿಸಿದ ಹಾಗಿರೋ ಗರಿ ಕಂಡರೆ ಕುರುವಾಯಿ ದುಂಬಿ, ಅದಕ್ಕೆ ಹತ್ತಿರದಲ್ಲಿ ಗೊಬ್ಬರಗುಂಡಿ ಇದ್ದರೆ ಕೆದಕಿ ಮರಿಹುಳ ಹುಡುಕಿ ತೆಗೀಬೇಕು.

ನೆರಳಿಗೆ ಇನ್ನೊಂದು ಬೇಕು ಅಂದರೆ ಕೆರ್ರಿಯೋಡಾಕ್ಸಾ ಎಲೆಗನ್ಸ್. ದಕ್ಷಿಣ ಥಾಯ್ಲೆಂಡಿನದು, ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟದ್ದೇ 1983ರಲ್ಲಿ. ದೊಡ್ಡ ಬೀಸಣಿಗೆ ಎಲೆ, ಮೇಲೆ ಹಸಿರು, ಕೆಳಗೆ ಬಿಳಿ. ಜೋಯಿಗಿಂತ ತುಂಬಾ ಸಲೀಸು. ಇದಕ್ಕೂ ಗಾಳಿ ಆಗೋದಿಲ್ಲ, ಲಿಕುವಾಲಾ ಪಕ್ಕದಲ್ಲೇ ಇರಲಿ.

ಬಿಸಿಲುಮಡಿ:

ನೆಡುವಾಗಿನ ಮಾತೊಂದು ಬಿಟ್ಟುಹೋಗಿತ್ತು. ಗುಂಡಿ ಅಗಲ ಇರಲಿ, ಆಳ ಬೇಡ. ಕುಂಡದಲ್ಲಿ ಬುಡ ಎಷ್ಟು ಹೂತಿತ್ತೋ ಅಷ್ಟೇ ಹೂಳಿ. ಆಳಕ್ಕೆ ಹೋದರೆ ಬೇರಿಗೆ ಉಸಿರಾಡೋಕೆ ಆಗದೆ ಹೊಸ ಎಲೆ ಬಿಳಚಿಕೊಳ್ಳುತ್ತೆ, ಜನ ಕಬ್ಬಿಣದ ಕೊರತೆ ಅಂತ ಮದ್ದು ಹಾಕ್ತಾ ಕೂರ್ತಾರೆ. ಕವರಿನ ತಳ ಮೊದಲು ಕತ್ತರಿಸಿ, ಗುಂಡಿಗೆ ಇಳಿಸಿ, ಆಮೇಲೆ ಪಕ್ಕ ಸೀಳಿ ಕವರ್ ಎಳೆದುಕೊಳ್ಳಿ. ಮಣ್ಣಿನ ಹೆಂಟೆ ಒಡೆಯಬಾರದು. ನರ್ಸರಿ ನೆರಳಲ್ಲಿದ್ದ ಟ್ರಯಾಂಗಲ್ ಪಾಮ್ ತಂದರೆ ನೇರ ಬಿಸಿಲಿಗೆ ಇಡಬೇಡಿ, ಕೆಲವು ವಾರ ಸ್ವಲ್ಪ ಸ್ವಲ್ಪವೇ ಬಿಸಿಲು ರೂಢಿ ಮಾಡಿಸಿ ನೆಡಿ.